ಬೆರೆತಾಗ ಹುಟ್ಟುವ ಬಿಸಿಯ ಲೆಕ್ಕ ಇಡುವವರು ಯಾರು?

ಇಂಗಾಲದ ಡೈಆಕ್ಸೈಡ್ ಬಗ್ಗೆ ನಮ್ಮಲ್ಲಿ ಮಾತಿಗೇನೂ ಬರವಿಲ್ಲ. ಚಿಮಣಿಗಳಿಂದ ಹೊರಬೀಳುವ ಈ ಅನಿಲವನ್ನು ಹಿಡಿದು, ಒತ್ತಿ, ಭೂಗರ್ಭದಲ್ಲಿ ಹೂಳುವ ಅಥವಾ ಉಪಯುಕ್ತ ರಾಸಾಯನಿಕವನ್ನಾಗಿ ಮಾರ್ಪಡಿಸುವ ಯೋಜನೆಗಳು ಕೆಲವು ವರ್ಷಗಳಿಂದ ಒಂದರ ಹಿಂದೊಂದು ಪ್ರಕಟವಾಗುತ್ತಿವೆ. 2022ರ ಫೆಬ್ರುವರಿಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಈ ಕೆಲಸಕ್ಕೆಂದೇ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಘೋಷಿಸಿತು. ಒಂದು ಮುಂಬೈನ ಐಐಟಿಯಲ್ಲಿ, ಇನ್ನೊಂದು ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ನೀತಿ ಆಯೋಗ ಹೊರತಂದ ವರದಿ 2050ರ ಹೊತ್ತಿಗೆ ವರ್ಷಕ್ಕೆ 75 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಸಾಧ್ಯತೆಯ ಬಗ್ಗೆ ಮಾತನಾಡಿತು. ಅಂಕಿ ದೊಡ್ಡದು, ಆಶಯವೂ ದೊಡ್ಡದು. ಅದನ್ನು ಗೇಲಿ ಮಾಡುವುದು ಈ ಲೇಖನದ ಉದ್ದೇಶವಲ್ಲ.

ಆದರೆ ಈ ಎಲ್ಲ ಯೋಜನೆಗಳ ಬುಡದಲ್ಲಿ ಒಂದು ಸಣ್ಣ ಪ್ರಶ್ನೆ ಕುಳಿತಿದೆ. ಈ ಅನಿಲವನ್ನು ಒಂದು ದ್ರಾವಕದೊಂದಿಗೆ ಬೆರೆಸಿದಾಗ ಎಷ್ಟು ಶಾಖ ಹೊರಬರುತ್ತದೆ ಅಥವಾ ಒಳಗೆಳೆಯಲ್ಪಡುತ್ತದೆ? ಮೆಥನಾಲ್, ಅಸಿಟೋನ್, ಟೊಲುಯೀನ್, ಹೆಕ್ಸೇನ್‌ಗಳಂಥ ಸಾವಯವ ದ್ರಾವಕಗಳ ಜೊತೆ, ಇಂಥ ಉಷ್ಣಾಂಶದಲ್ಲಿ, ಇಂಥ ಒತ್ತಡದಲ್ಲಿ, ಇಂಥ ಪ್ರಮಾಣದಲ್ಲಿ ಬೆರೆಸಿದರೆ ಎಷ್ಟು? ಇದಕ್ಕೆ ಉತ್ತರ ಹೇಳುವುದು ಮಂತ್ರಿಗಳ ಭಾಷಣವಲ್ಲ, ಕಂಪ್ಯೂಟರಿನ ಊಹೆಯೂ ಅಲ್ಲ. ಯಾರೋ ಒಬ್ಬರು ಪ್ರಯೋಗಾಲಯದಲ್ಲಿ ಕುಳಿತು, ಅಳೆದೂ ಸುರಿದೂ, ಕೋಷ್ಟಕವೊಂದನ್ನು ತುಂಬಿಸಬೇಕು. ಆ ಕೋಷ್ಟಕಗಳನ್ನು ತುಂಬಿಸುವವರು ಜಗತ್ತಿನಲ್ಲೇ ಕಡಿಮೆ. ನಮ್ಮಲ್ಲಿ ಇನ್ನೂ ಕಡಿಮೆ. ಅದು ಚಿಂತೆಯ ಸಂಗತಿ ಎಂದು ನಾನು ಭಾವಿಸುತ್ತೇನೆ.

ಎರಡು ವಸ್ತುಗಳು ಬೆರೆತಾಗ ಬಿಸಿಯೋ ತಂಪೋ ಆಗುವುದು ಹೊಸ ಸಂಗತಿಯೇನಲ್ಲ. ಗಂಧಕಾಮ್ಲವನ್ನು ನೀರಿಗೆ ಹನಿಹನಿಯಾಗಿ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಬಾರದೆಂದು ಪಿಯುಸಿ ಪ್ರಯೋಗಾಲಯದಲ್ಲಿ ಗದರಿಸಿಕೊಳ್ಳದವರು ವಿರಳ. ಗೋಲಿ ಸೋಡಾ ಬಿಸಿಲಲ್ಲಿ ಇಟ್ಟರೆ ಬಾಯಿ ತೆರೆಯುತ್ತಲೇ ಉಕ್ಕಿ ಹರಿಯುವುದೂ, ತಣ್ಣಗಿದ್ದರೆ ಅನಿಲ ಅದರಲ್ಲಿ ನೆಲೆ ನಿಲ್ಲುವುದೂ ಇದೇ ಲೆಕ್ಕದ ಇನ್ನೊಂದು ಮುಖ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗುವಾಗ ಶಾಖ ಬಿಡುತ್ತದೆ. ಆದ್ದರಿಂದಲೇ ಶಾಖ ಕೊಟ್ಟರೆ ಅದು ಹೊರಗೆ ಬರುತ್ತದೆ. ಕೊಟ್ಟು ತೆಗೆದುಕೊಳ್ಳುವ ಈ ವ್ಯವಹಾರದಲ್ಲಿ ಪ್ರಕೃತಿ ಒಂದು ಪೈಸೆಯನ್ನೂ ಬಿಟ್ಟುಕೊಡುವುದಿಲ್ಲ.

ಇಲ್ಲೊಂದು ಕುತೂಹಲದ ಚರಿತ್ರೆಯಿದೆ. ಇಂಗಾಲದ ಡೈಆಕ್ಸೈಡ್ ಎಂಬುದು ಸಾಮಾನ್ಯ ಗಾಳಿಗಿಂತ ಬೇರೆಯಾದ ಅನಿಲವೆಂದು ತೋರಿಸಿಕೊಟ್ಟವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, 1750ರ ದಶಕದಲ್ಲಿ. ಅದನ್ನು ಅವನು ‘ಸ್ಥಿರ ವಾಯು’ ಎಂದು ಕರೆದ. ಕೆಲವೇ ವರ್ಷಗಳ ಬಳಿಕ, ಮಂಜು ಕರಗುವಾಗ ಉಷ್ಣಾಂಶ ಏರದಿದ್ದರೂ ಶಾಖವನ್ನು ನುಂಗುತ್ತದೆ ಎಂಬ ಗುಪ್ತೋಷ್ಣದ ತತ್ತ್ವವನ್ನು ಹೇಳಿದವನೂ ಅವನೇ. ಅನಿಲವನ್ನು ಕಂಡವನೇ ಶಾಖವನ್ನು ಅಳೆಯುವ ಶಾಸ್ತ್ರಕ್ಕೂ ಅಡಿಪಾಯ ಹಾಕಿದ. ಮುಂದೆ 1782–83ರ ಚಳಿಗಾಲದಲ್ಲಿ ಲವಾಸಿಯೇ ಮತ್ತು ಲಾಪ್ಲಾಸ್ ಪ್ಯಾರಿಸ್ಸಿನಲ್ಲಿ ಮಂಜುಗಡ್ಡೆಯ ಉಷ್ಣಮಾಪಕವನ್ನು ಬಳಸಿ, ಎಷ್ಟು ಮಂಜು ಕರಗಿತು ಎಂಬುದರಿಂದ ಎಷ್ಟು ಶಾಖ ಹುಟ್ಟಿತು ಎಂದು ಲೆಕ್ಕ ಹಾಕಿದರು.

ನೂರು ವರ್ಷಗಳ ಆಚೆ ಈಚೆ ಇನ್ನೊಬ್ಬ ಬರುತ್ತಾನೆ: ಬೆಲ್‌ಫಾಸ್ಟಿನ ಥಾಮಸ್ ಆ್ಯಂಡ್ರೂಸ್. ಅವನೂ ಮೊದಲಿಗೆ ರಾಸಾಯನಿಕ ಕ್ರಿಯೆಗಳ ಶಾಖವನ್ನು ಅಳೆಯುತ್ತಿದ್ದವನು. 1860ರ ದಶಕದಲ್ಲಿ ಗಾಜಿನ ಸಣ್ಣ ಕೊಳವೆಯೊಳಗೆ ಇಂಗಾಲದ ಡೈಆಕ್ಸೈಡನ್ನು ಒತ್ತಿ ಒತ್ತಿ ನೋಡಿದ. ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಎಷ್ಟೇ ಒತ್ತಿದರೂ ಅದು ದ್ರವವಾಗಿ ಬೇರ್ಪಡುವುದಿಲ್ಲ. ಅನಿಲ ಮತ್ತು ದ್ರವದ ನಡುವಿನ ಗೆರೆಯೇ ಅಳಿಸಿಹೋಗುತ್ತದೆ. 1869ರಲ್ಲಿ ಅವನು ಇದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಉಪನ್ಯಾಸದಲ್ಲಿ ವಿವರಿಸಿದ. ‘ಕ್ರಿಟಿಕಲ್ ಪಾಯಿಂಟ್’, ಕನ್ನಡದಲ್ಲಿ ಸಂದಿಗ್ಧ ಬಿಂದು ಎನ್ನೋಣ, ಎಂಬ ಮಾತು ವಿಜ್ಞಾನಕ್ಕೆ ಬಂದದ್ದು ಹೀಗೆ. ಇಂದಿನ ಅಳತೆಯಂತೆ ಇಂಗಾಲದ ಡೈಆಕ್ಸೈಡಿನ ಸಂದಿಗ್ಧ ಬಿಂದು 31 ಡಿಗ್ರಿ ಸೆಲ್ಸಿಯಸ್‌ಗೆ ಕೂದಲೆಳೆಯಷ್ಟು ಕಡಿಮೆ, ಒತ್ತಡ ಸುಮಾರು 74 ಬಾರ್. ಒಂದೂವರೆ ಶತಮಾನದ ಹಿಂದೆ ಆ್ಯಂಡ್ರೂಸ್ ಅಳೆದದ್ದು 30.92. ಅಳತೆಗಾರನ ಕೈ ಎಂದರೆ ಇದು.

ಈ 31 ಡಿಗ್ರಿ ನಮಗೆ ಬಹಳ ಮುಖ್ಯ. ಅದರ ಕಡೆಗೆ ಮತ್ತೆ ಬರುತ್ತೇನೆ.

ಬೆರಕೆಯ ಶಾಖವನ್ನು ಅಳೆಯುವುದು ಹೇಗೆ? ಬೀಕರಿನಲ್ಲಿ ಎರಡು ದ್ರವ ಸುರಿದು ಥರ್ಮಾಮೀಟರ್ ಅದ್ದಿದರೆ ಆಗುವ ಕೆಲಸ ಇದಲ್ಲ. ಇಂಗಾಲದ ಡೈಆಕ್ಸೈಡನ್ನು ನೂರಾರು ಬಾರ್ ಒತ್ತಡದಲ್ಲಿ ಇರಿಸಬೇಕು. ಅಮೆರಿಕದ ಯೂಟಾ ರಾಜ್ಯದ ಬ್ರಿಗ್‌ಹ್ಯಾಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಕ್ರಿಸ್ಟೆನ್ಸನ್, ರೀಡ್ ಇಜಾಟ್ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಹರಿವಿನ ಉಷ್ಣಮಾಪಕವನ್ನು ರೂಪಿಸಿದರು. ಎರಡು ಪಂಪುಗಳು, ಒಂದರಲ್ಲಿ ಇಂಗಾಲದ ಡೈಆಕ್ಸೈಡ್, ಇನ್ನೊಂದರಲ್ಲಿ ದ್ರಾವಕ. ಎರಡೂ ಗಡಿಯಾರದಷ್ಟು ನಿಯತವಾಗಿ ಹರಿಯುತ್ತವೆ. ಎರಡನ್ನೂ ಒಂದೇ ಉಷ್ಣಾಂಶಕ್ಕೆ ತಂದು, ಸುರುಳಿ ಸುತ್ತಿದ ಸಣ್ಣ ಲೋಹದ ಕೊಳವೆಯೊಳಗೆ ಕೂಡಿಸುತ್ತಾರೆ. ಅಲ್ಲಿ ಬೆರಕೆ ನಡೆಯುತ್ತದೆ. ಕೊಳವೆಗೆ ತಾಗಿಕೊಂಡಂತೆ ಒಂದು ತಂಪುಕಾರಕ ಸದಾ ಒಂದೇ ವೇಗದಲ್ಲಿ ಶಾಖವನ್ನು ಹೊರಗೆ ಎಳೆಯುತ್ತಿರುತ್ತದೆ. ಒಂದು ವಿದ್ಯುತ್ ತಂತಿ ಸಣ್ಣ ಸಣ್ಣ ಮಿಡಿತಗಳಲ್ಲಿ ಶಾಖವನ್ನು ತುಂಬುತ್ತಿರುತ್ತದೆ. ಉಷ್ಣಾಂಶ ಅಲುಗದಂತೆ ಇವೆರಡೂ ತಕ್ಕಡಿಯ ತಟ್ಟೆಗಳಂತೆ ಸಮ ನಿಂತಿರುತ್ತವೆ. ಬೆರಕೆಯಿಂದ ಶಾಖ ಹುಟ್ಟಿದರೆ ತಂತಿಯ ಮಿಡಿತ ಅಷ್ಟರಮಟ್ಟಿಗೆ ಇಳಿಯಬೇಕು. ಶಾಖ ನುಂಗಿದರೆ ಏರಬೇಕು. ಮಿಡಿತಗಳ ವ್ಯತ್ಯಾಸವೇ ಉತ್ತರ.

ಹೇಳಲು ಸುಲಭ. ಪಂಪಿನ ಹರಿವು ತುಸು ತಪ್ಪಿದರೆ, ಒತ್ತಡ ಸ್ವಲ್ಪ ಓಲಾಡಿದರೆ, ಕೋಣೆಯ ಹವಾನಿಯಂತ್ರಕ ಕೈಕೊಟ್ಟರೆ ಇಡೀ ದಿನದ ಕೆಲಸ ನೀರುಪಾಲು. ಒಂದು ಉಷ್ಣಾಂಶ, ಒಂದು ಒತ್ತಡಕ್ಕೆ ಒಂದು ವಕ್ರರೇಖೆ ಬರೆಯಬೇಕಾದರೆ ಹದಿನೈದು ಇಪ್ಪತ್ತು ಬೇರೆ ಬೇರೆ ಪ್ರಮಾಣಗಳಲ್ಲಿ ಬೆರೆಸಿ ಅಳೆಯಬೇಕು. ಅದಾದ ಮೇಲೆ ಒತ್ತಡ ಬದಲಿಸಿ ಮತ್ತೆ. ಉಷ್ಣಾಂಶ ಬದಲಿಸಿ ಮತ್ತೆ. ಯಂತ್ರ ನಂಬಿಕೆಗೆ ಅರ್ಹವೋ ಎಂದು ತಿಳಿಯಲು ಹೆಕ್ಸೇನ್ ಮತ್ತು ಸೈಕ್ಲೋಹೆಕ್ಸೇನ್‌ಗಳ ಬೆರಕೆಯನ್ನು ಅಳೆದು ನೋಡುವ ಪದ್ಧತಿಯಿದೆ. ಕೋಣೆಯ ಉಷ್ಣಾಂಶದಲ್ಲಿ ಇವನ್ನು ಸಮಪ್ರಮಾಣದಲ್ಲಿ ಬೆರೆಸಿದರೆ ಒಂದು ಮೋಲ್‌ಗೆ ಇನ್ನೂರು ಚಿಲ್ಲರೆ ಜೂಲ್ ಶಾಖ ಒಳಗೆಳೆಯಲ್ಪಡುತ್ತದೆ. ಅದು ಎಲ್ಲ ಪ್ರಯೋಗಾಲಯಗಳಲ್ಲೂ ಒಂದೇ ಬರಬೇಕು. ಬಾರದಿದ್ದರೆ ಯಂತ್ರವನ್ನು ಬಿಚ್ಚಬೇಕು. ಇದು ವರ್ಷಗಟ್ಟಲೆ ತಾಳ್ಮೆ ಬೇಡುವ, ಚಪ್ಪಾಳೆ ಬಾರದ ಕೆಲಸ.

ಯೂಟಾದವರು 1980ರ ದಶಕದಲ್ಲಿ ಹೆಕ್ಸೇನ್, ಟೊಲುಯೀನ್, ಸೈಕ್ಲೋಹೆಕ್ಸೇನ್, ಪಿರಿಡೀನ್ ಮುಂತಾದ ದ್ರಾವಕಗಳೊಂದಿಗೆ ಇಂಗಾಲದ ಡೈಆಕ್ಸೈಡನ್ನು ಬೆರೆಸಿ ಅಳೆದ ಫಲಿತಾಂಶಗಳು ಒಂದಾದ ಮೇಲೊಂದು ಪ್ರಬಂಧವಾಗಿ ಬಂದವು. ಅವುಗಳಲ್ಲಿ ಒಂದು ಅಚ್ಚರಿಯಿದೆ. ಬೆಂಜೀನ್ ಮತ್ತು ಸೈಕ್ಲೋಹೆಕ್ಸೇನ್‌ನಂಥ ಸಾಧಾರಣ ದ್ರವಗಳ ಬೆರಕೆಯ ಶಾಖ ಹೆಚ್ಚೆಂದರೆ ಮೋಲ್‌ಗೆ ಎಂಟುನೂರು ಜೂಲ್ ಆಸುಪಾಸಿನದು. ಸಂದಿಗ್ಧ ಬಿಂದುವಿನ ಸಮೀಪದಲ್ಲಿ ಇಂಗಾಲದ ಡೈಆಕ್ಸೈಡ್ ಸಾವಯವ ದ್ರವದೊಂದಿಗೆ ಬೆರೆತಾಗ ಅದು ಹಲವು ಸಾವಿರ ಜೂಲ್‌ಗಳಿಗೆ ಏರುತ್ತದೆ, ಅದೂ ಹೊರಬರುವ ಶಾಖವಾಗಿ. ಕಾರಣ ಅಣುಗಳ ನಡುವಿನ ವಿಶೇಷ ಪ್ರೀತಿಯಲ್ಲ. ಅರ್ಧ ಅನಿಲ ಅರ್ಧ ದ್ರವದ ತ್ರಿಶಂಕು ಸ್ಥಿತಿಯಲ್ಲಿರುವ ಇಂಗಾಲದ ಡೈಆಕ್ಸೈಡ್, ದಟ್ಟವಾದ ದ್ರಾವಕದೊಳಗೆ ಹೊಕ್ಕಾಗ ತಾನೂ ದ್ರವದಂತೆ ಒತ್ತೊತ್ತಾಗಿ ಕೂರುತ್ತದೆ. ಆವಿ ನೀರಾಗುವಾಗ ಶಾಖ ಬಿಡುವಂತೆಯೇ ಇದೂ ಬಿಡುತ್ತದೆ. ಒತ್ತಡವನ್ನು ನೂರಿಪ್ಪತ್ತು ಬಾರ್‌ಗೆ ಏರಿಸಿ ಇಂಗಾಲದ ಡೈಆಕ್ಸೈಡನ್ನು ಮೊದಲೇ ದಟ್ಟಗೊಳಿಸಿದರೆ ಶಾಖ ಬಹಳಷ್ಟು ತಗ್ಗುತ್ತದೆ. ಉಷ್ಣಾಂಶವನ್ನು ಟೊಲುಯೀನಿನದೇ ಸಂದಿಗ್ಧ ಬಿಂದುವಿನ, ಅಂದರೆ ಸುಮಾರು 318 ಡಿಗ್ರಿಯ, ಹತ್ತಿರಕ್ಕೆ ಒಯ್ದರೆ ಚಿತ್ರ ತಿರುವುಮುರುವು: ಈಗ ದ್ರಾವಕವೇ ಅನಿಲದಂತೆ ಹಿಗ್ಗುತ್ತದೆ, ಬೆರಕೆ ಶಾಖವನ್ನು ನುಂಗುತ್ತದೆ.

ಅದೇ ರೇಖೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ, ನನಗೆ ಬಹಳ ಪ್ರಿಯವಾದದ್ದು. ವಕ್ರವಾಗಿ ಸಾಗುವ ರೇಖೆ ಕೆಲವೆಡೆ ಇದ್ದಕ್ಕಿದ್ದಂತೆ ಅಡಿಕೋಲು ಇಟ್ಟು ಎಳೆದಂತೆ ನೇರವಾಗಿಬಿಡುತ್ತದೆ. ಆ ನೇರ ಭಾಗದಲ್ಲಿ ಕೊಳವೆಯೊಳಗೆ ಒಂದಲ್ಲ, ಎರಡು ಪದರಗಳಿವೆ ಎಂದು ಅರ್ಥ. ಒಂದು ದ್ರವ, ಒಂದು ಅನಿಲ. ಎರಡರ ಸಂಯೋಜನೆ ಬದಲಾಗುವುದಿಲ್ಲ, ಪಾಲು ಮಾತ್ರ ಬದಲಾಗುತ್ತದೆ. ಶಾಖವನ್ನು ಅಳೆಯಲು ಹೋದವರಿಗೆ, ಕಣ್ಣಿಗೆ ಕಾಣದ ಉಕ್ಕಿನ ಕೊಳವೆಯೊಳಗೆ ದ್ರವ ಎಲ್ಲಿ ಒಡೆದು ಎರಡಾಗುತ್ತದೆ ಎಂಬ ಗಡಿಯೂ ಬಿಟ್ಟಿಯಾಗಿ ಸಿಗುತ್ತದೆ.

ಇಷ್ಟೆಲ್ಲ ಯಾರಿಗೆ ಬೇಕು ಎಂದು ಕೇಳಬಹುದು. ಕಾಫಿ ಕುಡಿಯುವವರಿಗೂ ಬೇಕು. 1960ರ ದಶಕದಲ್ಲಿ ಜರ್ಮನಿಯ ಮ್ಯೂಲ್‌ಹೈಮ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಕರ್ಟ್ ಜೋಸೆಲ್ ಸಂದಿಗ್ಧ ಬಿಂದುವಿನಾಚೆಯ ಇಂಗಾಲದ ಡೈಆಕ್ಸೈಡಿನಿಂದ ಕಾಫಿ ಬೀಜದ ಕೆಫೀನ್ ತೆಗೆಯುವ ವಿಧಾನವನ್ನು ಕಂಡುಕೊಂಡ ಮೇಲೆ ಅದೊಂದು ಉದ್ಯಮವೇ ಆಯಿತು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯ ನಮ್ಮದು. ಮೆಣಸು, ಏಲಕ್ಕಿ, ಶುಂಠಿಯ ಸಾರ ತೆಗೆಯಲೂ ಇದೇ ದಾರಿ. ಮೈಸೂರಿನ ಸಿಎಫ್‌ಟಿಆರ್‌ಐ ಈ ಬಗ್ಗೆ ಕೆಲಸ ಮಾಡಿದೆ. ಹಲವು ಸಾರಗಳಿಗೆ ಇಂಗಾಲದ ಡೈಆಕ್ಸೈಡ್ ಒಂದೇ ಸಾಲದು, ಜೊತೆಗೆ ಸ್ವಲ್ಪ ಎಥನಾಲ್ ಬೇಕಾಗುತ್ತದೆ. ಅದು ಸೇರಿದೊಡನೆ ಬೆರಕೆಯ ಶಾಖದ ಪ್ರಶ್ನೆ ಎದುರಾಗುತ್ತದೆ. ಔಷಧ ಕಂಪನಿಗಳು ಇಂಗಾಲದ ಡೈಆಕ್ಸೈಡನ್ನು ದ್ರಾವಕಕ್ಕೆ ನುಗ್ಗಿಸಿ, ಕರಗಿದ ಔಷಧವನ್ನು ನಯವಾದ ಪುಡಿಯಾಗಿ ಬೀಳಿಸುವ ವಿಧಾನವನ್ನು ಪ್ರಯತ್ನಿಸುತ್ತವೆ. ಅಲ್ಲಿ ಹನಿ ಬೆರೆಯುವ ಜಾಗದಲ್ಲಿ ಉಷ್ಣಾಂಶ ಕೆಲವು ಡಿಗ್ರಿ ಜಿಗಿದರೂ ಹರಳಿನ ಗಾತ್ರ ಬದಲಾಗುತ್ತದೆ. ಮ್ಯಾಡ್ರಿಡ್‌ನ ಕಾಂಪ್ಲುಟೆನ್ಸೆ ವಿಶ್ವವಿದ್ಯಾಲಯದ ತಂಡವೊಂದು 2010ರ ನಂತರದ ವರ್ಷಗಳಲ್ಲಿ ಇಂಥ ದ್ರಾವಕಗಳೊಂದಿಗಿನ ಬೆರಕೆಯ ಶಾಖವನ್ನು ಅಳೆದು, ಈ ತಂತ್ರಗಳಲ್ಲಿ ಅದರ ಪಾತ್ರವೇನೆಂದು ತೋರಿಸುವ ಕೆಲಸ ಮಾಡಿದೆ.

ಇನ್ನು ಚಿಮಣಿಯ ಮಾತು. ಇಲ್ಲಿ ಬೆರಕೆಯ ಶಾಖವೆಂಬುದು ನೇರವಾಗಿ ಹಣ. ಇಂಗಾಲದ ಡೈಆಕ್ಸೈಡನ್ನು ಅಮೀನ್ ದ್ರಾವಣದಲ್ಲಿ ಹಿಡಿಯುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ದೊರೆತದ್ದು 1930ರಲ್ಲಿ. ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಅದೇ ಮಾರ್ಗ. ಹಿಡಿದ ಅನಿಲವನ್ನು ಬಿಡಿಸಬೇಕಾದರೆ ದ್ರಾವಣವನ್ನು ಕಾಯಿಸಬೇಕು. ಹಿಡಿಯುವಾಗ ಎಷ್ಟು ಶಾಖ ಹೊರಬಂತೋ ಅಷ್ಟನ್ನಾದರೂ ಮರಳಿ ತೆರಬೇಕು. ಸಾಮಾನ್ಯವಾಗಿ ಬಳಸುವ ಮೋನೋಎಥನಾಲಮೀನ್‌ನಲ್ಲಿ ಅದು ಮೋಲ್‌ಗೆ ಸುಮಾರು 85 ಕಿಲೋಜೂಲ್. ಒಂದು ಮೋಲ್ ಎಂದರೆ 44 ಗ್ರಾಂ. ಆದ್ದರಿಂದ ಒಂದು ಟನ್‌ಗೆ ಸುಮಾರು 190 ಕೋಟಿ ಜೂಲ್, ಅಂದರೆ 1.9 ಗಿಗಾಜೂಲ್. ದ್ರಾವಣದ ನೀರನ್ನು ಕಾಯಿಸುವ, ಹಬೆಯೇಳಿಸುವ ಖರ್ಚು ಸೇರಿದರೆ ಟನ್‌ಗೆ ಮೂರರಿಂದ ನಾಲ್ಕು ಗಿಗಾಜೂಲ್. ಕಲ್ಲಿದ್ದಲು ಸ್ಥಾವರವೊಂದು ಸಾವಿರ ಯೂನಿಟ್ ವಿದ್ಯುತ್ ತಯಾರಿಸುವಾಗ ಹೆಚ್ಚುಕಡಿಮೆ ಒಂದು ಟನ್ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಹಿಡಿಯಲು ಬೇಕಾದ ಶಾಖ ಎಷ್ಟು ಭಾರ ಎಂಬುದನ್ನು ಓದುಗರೇ ಊಹಿಸಬಹುದು. ಅದಷ್ಟೂ ಅದೇ ಸ್ಥಾವರದ ಹಬೆಯಿಂದಲೇ ಬರಬೇಕು.

ಮೆಥನಾಲ್‌ನಂಥ ಸಾವಯವ ದ್ರಾವಕಗಳು ಅಮೀನ್‌ನಂತೆ ರಾಸಾಯನಿಕವಾಗಿ ಬಿಗಿಹಿಡಿಯುವುದಿಲ್ಲ, ಸುಮ್ಮನೆ ಕರಗಿಸಿಕೊಳ್ಳುತ್ತವೆ. ಅವುಗಳಲ್ಲಿ ಕರಗುವಿಕೆಯ ಶಾಖ ಮೋಲ್‌ಗೆ ಇಪ್ಪತ್ತು ಕಿಲೋಜೂಲ್ ಸುತ್ತಮುತ್ತ, ಟನ್‌ಗೆ ಅರ್ಧ ಗಿಗಾಜೂಲಿಗಿಂತಲೂ ಕಡಿಮೆ. ಒತ್ತಡ ಇಳಿಸಿದರೆ ಸಾಕು, ಅನಿಲ ಹೊರಗೆ. ತಣ್ಣನೆಯ ಮೆಥನಾಲ್ ಬಳಸುವ ರೆಕ್ಟಿಸಾಲ್ ವಿಧಾನ ಜರ್ಮನಿಯಲ್ಲಿ ಹುಟ್ಟಿ, 1950ರ ದಶಕದಿಂದ ಕೈಗಾರಿಕೆಯಲ್ಲಿದೆ. ಹಾಗಾದರೆ ಎಲ್ಲೆಡೆ ಅದನ್ನೇ ಏಕೆ ಬಳಸಬಾರದು? ಏಕೆಂದರೆ ಅದಕ್ಕೆ ಅನಿಲ ಮೊದಲೇ ಹೆಚ್ಚಿನ ಒತ್ತಡದಲ್ಲಿರಬೇಕು. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಹತ್ತು ಹದಿನೈದು ಪಾಲು, ಅದೂ ಸಾಧಾರಣ ವಾಯುಭಾರದಲ್ಲಿ. ಅನಿಲೀಕರಣ ಘಟಕಗಳಲ್ಲಿ, ಗೊಬ್ಬರ ಕಾರ್ಖಾನೆಗಳಲ್ಲಿ ಈ ದ್ರಾವಕಗಳಿಗೆ ಜಾಗವಿದೆ, ಚಿಮಣಿಯಲ್ಲಿ ಇಲ್ಲ. ಎರಡರ ಗುಣವೂ ಇರುವ, ಅಮೀನನ್ನೂ ಸಾವಯವ ದ್ರಾವಕವನ್ನೂ ಬೆರೆಸಿದ ಮಿಶ್ರಣಗಳಿಗಾಗಿ ಹುಡುಕಾಟ ನಡೆದಿದೆ. ಆ ಹುಡುಕಾಟದ ಪ್ರತಿ ಹೆಜ್ಜೆಯಲ್ಲೂ ಬೇಕಾದದ್ದು ಶಾಖದ ಅಳತೆ.

ಅಳತೆಯಿಲ್ಲದೆ ಒಂದೇ ಸಂಖ್ಯೆಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ನಾರ್ವೆಯ ಟ್ರಾನ್‌ಹೈಮ್‌ನಲ್ಲಿ ಇನ್ನಾ ಕಿಮ್ ಮತ್ತು ಹಾಲ್‌ವಾರ್ಡ್ ಸ್ವೆಂಡ್ಸನ್ 2007ರಲ್ಲಿ ಪ್ರಕಟಿಸಿದ ಅಳತೆಗಳು ಮೋನೋಎಥನಾಲಮೀನ್‌ನ ಶಾಖ ಉಷ್ಣಾಂಶದೊಂದಿಗೆ ಏರುತ್ತದೆ ಎಂದು ತೋರಿಸಿದವು. ಹಿಡಿಯುವ ಗೋಪುರ ಇರುವುದು 40 ಡಿಗ್ರಿಯಲ್ಲಿ. ಬಿಡಿಸುವ ಗೋಪುರ 120ರಲ್ಲಿ. ಮೊದಲನೆಯದರ ಅಂಕಿಯನ್ನು ಎರಡನೆಯದಕ್ಕೆ ಹಚ್ಚಿ ಲೆಕ್ಕ ಹಾಕಿದರೆ ಹಬೆಯ ಬಿಲ್ ತಪ್ಪುತ್ತದೆ.

ಈಗ 31 ಡಿಗ್ರಿಯ ಮಾತಿಗೆ ಬರೋಣ. ಉತ್ತರ ಯುರೋಪಿನ ನದಿಯ ನೀರು ಹದಿನೈದು ಡಿಗ್ರಿಯದ್ದಾದರೆ, ಒತ್ತಿದ ಇಂಗಾಲದ ಡೈಆಕ್ಸೈಡನ್ನು ಆ ನೀರಿನಿಂದಲೇ ತಂಪುಮಾಡಿ ದ್ರವವಾಗಿಸಬಹುದು. ದ್ರವವಾದ ಮೇಲೆ ಅದರ ವರ್ತನೆ ಸಭ್ಯ, ಲೆಕ್ಕ ಸುಲಭ. ರಾಯಚೂರಿನ ಅಥವಾ ಬಳ್ಳಾರಿಯ ಏಪ್ರಿಲ್ ತಿಂಗಳನ್ನು ನೆನೆಸಿಕೊಳ್ಳಿ. ಅಲ್ಲಿ ತಂಪುಗೋಪುರದ ನೀರು ಕೂಡ 31 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಗಾಳಿ ನಲವತ್ತು ದಾಟಿರುತ್ತದೆ. ಅಂದರೆ ನಮ್ಮ ಕಾರ್ಖಾನೆಗಳ ಸಹಜ ಉಷ್ಣಾಂಶವೇ ಇಂಗಾಲದ ಡೈಆಕ್ಸೈಡಿನ ಸಂದಿಗ್ಧ ಬಿಂದುವಿನ ಮಗ್ಗುಲಲ್ಲಿದೆ. 35 ಡಿಗ್ರಿಯಲ್ಲಿ, 70 ಬಾರ್ ಒತ್ತಡದಲ್ಲಿ ಒಂದು ಲೀಟರ್ ಇಂಗಾಲದ ಡೈಆಕ್ಸೈಡ್ ಸುಮಾರು 200 ಗ್ರಾಂ ತೂಗಿದರೆ, 90 ಬಾರ್‌ನಲ್ಲಿ 650 ಗ್ರಾಂ ಮೀರುತ್ತದೆ. ಒತ್ತಡ ಕಾಲು ಭಾಗದಷ್ಟು ಹೆಚ್ಚಿದರೆ ಸಾಂದ್ರತೆ ಮೂರು ಪಟ್ಟು! ಬೆರಕೆಯ ಶಾಖ ಹುಚ್ಚೆದ್ದು ಕುಣಿಯುವುದು ಇದೇ ವಲಯದಲ್ಲಿ. ಯೂಟಾದ ತಂಡ ತನ್ನ ಅಳತೆಗಳಿಗೆ ಆರಿಸಿಕೊಂಡ ಒಂದು ಉಷ್ಣಾಂಶ 308.15 ಕೆಲ್ವಿನ್. ಅವರಿಗೆ ಅದು ಸಂದಿಗ್ಧ ಬಿಂದುವಿನ ತುಸು ಮೇಲಿನ ಒಂದು ಸೈದ್ಧಾಂತಿಕ ಕುತೂಹಲ. ನಮಗೆ ಅದು 35 ಡಿಗ್ರಿ ಸೆಲ್ಸಿಯಸ್, ಬೇಸಿಗೆಯ ಒಂದು ಮಾಮೂಲಿ ಮಧ್ಯಾಹ್ನ.

ಈ ಕಾರಣಕ್ಕೇ ‘ಹೊರದೇಶದವರು ಅಳೆದಿಟ್ಟದ್ದನ್ನು ತಂದು ಬಳಸಿದರಾಯಿತು’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅವರು ತಮಗೆ ಬೇಕಾದ ದ್ರಾವಕಗಳನ್ನು, ತಮಗೆ ಬೇಕಾದ ವಲಯದಲ್ಲಿ ಅಳೆದಿದ್ದಾರೆ. ಅದೂ ಎಲ್ಲವೂ ಪುಕ್ಕಟೆ ಸಿಗುವುದಿಲ್ಲ. ಕ್ರಿಸ್ಟೆನ್ಸನ್, ಹ್ಯಾಂಕ್ಸ್ ಮತ್ತು ಇಜಾಟ್ 1982ರಲ್ಲಿ ಹೊರತಂದ ಬೆರಕೆಯ ಶಾಖದ ಕೈಪಿಡಿ ಗ್ರಂಥಾಲಯಗಳಲ್ಲಿ ದೊರೆಯಬಹುದು. ಆದರೆ 1973ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಆರಂಭವಾದ ದತ್ತಾಂಶ ಭಂಡಾರ ಮುಂದೆ ವಾಣಿಜ್ಯ ಸರಕಾಯಿತು. ಕಂಪನಿಗಳು ತಮ್ಮ ದ್ರಾವಕಗಳ ಗುಟ್ಟನ್ನು ಬಿಡುವುದೇ ಇಲ್ಲ. ತೂತ್ತುಕುಡಿಯ ಕ್ಷಾರ ಕಾರ್ಖಾನೆಯೊಂದರಲ್ಲಿ 2016ರಿಂದ ವರ್ಷಕ್ಕೆ ಸುಮಾರು 60,000 ಟನ್ ಹಿಡಿಯುವ ಘಟಕ ಸುದ್ದಿಯಾಯಿತು. 2022ರಲ್ಲಿ ಎನ್‌ಟಿಪಿಸಿಯ ವಿಂಧ್ಯಾಚಲ ಸ್ಥಾವರದಲ್ಲಿ ದಿನಕ್ಕೆ 20 ಟನ್‌ನ ಘಟಕ ಬಂತು. ಇವು ಸ್ವಾಗತಾರ್ಹ. ಆದರೆ ಇಂಥ ಘಟಕಗಳ ದ್ರಾವಕದ ಗುಣಾಂಕಗಳು ಸಾರ್ವಜನಿಕ ಕೋಷ್ಟಕಗಳಾಗಿ ವಿದ್ಯಾರ್ಥಿಗಳ ಕೈಗೆ ಬರದ ಹೊರತು ಪ್ರತಿಯೊಂದು ಹೊಸ ಘಟಕವೂ ಕತ್ತಲಲ್ಲಿ ತಡಕಾಡಿಯೇ ಆರಂಭವಾಗಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಉತ್ಸಾಹ ನಮ್ಮದು. ಕೂಸಿನ ತಲೆಯ ಅಳತೆ ತೆಗೆದುಕೊಳ್ಳುವ ವ್ಯವಧಾನ ಮಾತ್ರ ಇಲ್ಲ.

ಎರಡನೆಯ ವಾದ ಹೆಚ್ಚು ಆಕರ್ಷಕವಾದದ್ದು. ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಪಂಪು, ಕೊಳವೆಗಳ ಗೋಜೇಕೆ, ಕಂಪ್ಯೂಟರ್ ಹೇಳುವುದಿಲ್ಲವೇ? ಶುದ್ಧ ಇಂಗಾಲದ ಡೈಆಕ್ಸೈಡಿಗೆ ಇದು ಬಹುಮಟ್ಟಿಗೆ ನಿಜ. ಸ್ಪಾನ್ ಮತ್ತು ವಾಗ್ನರ್ 1996ರಲ್ಲಿ ಕೊಟ್ಟ ಸಮೀಕರಣ ಅದರ ಗುಣಗಳನ್ನು ಅದ್ಭುತವಾಗಿ ಹೇಳುತ್ತದೆ; ಆದರೆ ಆ ಸಮೀಕರಣ ನಿಂತಿರುವುದೇ ಹತ್ತಾರು ಪ್ರಯೋಗಾಲಯಗಳ ನಿಖರ ಅಳತೆಗಳ ಮೇಲೆ. ಮಿಶ್ರಣಗಳಿಗೆ ಬಂದರೆ ಎಂಜಿನಿಯರುಗಳು ಬಳಸುವುದು 1976ರ ಪೆಂಗ್–ರಾಬಿನ್ಸನ್ ಸಮೀಕರಣದಂಥವನ್ನು. ಅದರಲ್ಲಿ ಎರಡು ವಸ್ತುಗಳ ನಂಟನ್ನು ಹೇಳುವ ಒಂದು ಅಂಕಿಯನ್ನು ಪ್ರಯೋಗದಿಂದಲೇ ತುಂಬಬೇಕು. ಸಾಮಾನ್ಯವಾಗಿ ಅನಿಲ ಎಷ್ಟು ಕರಗುತ್ತದೆ ಎಂಬ ಅಳತೆಯಿಂದ ತುಂಬುತ್ತಾರೆ. ಕರಗುವಿಕೆಯನ್ನು ಚೆನ್ನಾಗಿ ಹೇಳುವ ಅದೇ ಸಮೀಕರಣ ಶಾಖದ ಲೆಕ್ಕದಲ್ಲಿ ಎಡವುವುದು ಅಪರೂಪವಲ್ಲ. ಏಕೆಂದರೆ ಸಮತೋಲ ಉಷ್ಣಾಂಶದೊಂದಿಗೆ ಹೇಗೆ ಜಾರುತ್ತದೆ ಎಂಬುದನ್ನು ಶಾಖ ಹೇಳುತ್ತದೆ. ಒಬ್ಬ ಮನುಷ್ಯನ ಇಂದಿನ ಆಸ್ತಿ ಗೊತ್ತಿದ್ದ ಮಾತ್ರಕ್ಕೆ ಅವನ ಆದಾಯ ಗೊತ್ತಾಗುವುದಿಲ್ಲವಷ್ಟೆ. ಹಾಗೆ ನೋಡಿದರೆ ಕಂಪ್ಯೂಟರಿನ ಊಹೆ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಕಠಿಣ ಒರೆಗಲ್ಲು ಈ ಬೆರಕೆಯ ಶಾಖವೇ. ಒರೆಗಲ್ಲನ್ನು ಎಸೆದು ಚಿನ್ನವನ್ನು ನಂಬಿ ಎನ್ನುವುದು ಯಾವ ನ್ಯಾಯ?

ನಮ್ಮಲ್ಲಿ ಈ ಪರಂಪರೆಯೇ ಇಲ್ಲವೆಂದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ ಅಮಿನಭಾವಿ ಮತ್ತು ಅವರ ವಿದ್ಯಾರ್ಥಿಗಳು 1990ರ ದಶಕದಲ್ಲಿ ಸಾವಯವ ದ್ರವಗಳ ಜೋಡಿಗಳ ಸಾಂದ್ರತೆ, ಸ್ನಿಗ್ಧತೆ, ವಕ್ರೀಭವನಾಂಕಗಳನ್ನು ಅಳೆದು ಅಮೆರಿಕದ ದತ್ತಾಂಶ ನಿಯತಕಾಲಿಕದಲ್ಲಿ ಸಾಲುಸಾಲಾಗಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿರಿಧರ್ ಮದ್ರಾಸ್ ಅವರ ಗುಂಪು ಸಂದಿಗ್ಧ ಬಿಂದುವಿನಾಚೆಯ ಇಂಗಾಲದ ಡೈಆಕ್ಸೈಡಿನಲ್ಲಿ ಘನವಸ್ತುಗಳು ಎಷ್ಟು ಕರಗುತ್ತವೆ ಎಂಬುದನ್ನು ಅಳೆಯಿತು. 2017ರಲ್ಲಿ ಅದೇ ಸಂಸ್ಥೆಯ ಆವರಣದಲ್ಲಿ, ಇಂಥ ಇಂಗಾಲದ ಡೈಆಕ್ಸೈಡಿನಿಂದ ಟರ್ಬೈನ್ ತಿರುಗಿಸುವ ಗುರಿಯ ಪರೀಕ್ಷಾ ಚಕ್ರವೊಂದು ಕೆಲಸ ಆರಂಭಿಸಿತು. ಧಾರವಾಡದ ಕೋಷ್ಟಕಗಳು ದೊಡ್ಡ ಯಂತ್ರಗಳ ಫಲವಲ್ಲ. ಶುದ್ಧ ದ್ರಾವಕ, ಸ್ಥಿರ ಉಷ್ಣಾಂಶದ ತೊಟ್ಟಿ, ಶ್ರದ್ಧೆ, ಇಷ್ಟೇ. ಜಗತ್ತಿನ ಯಾವುದೋ ಮೂಲೆಯ ಎಂಜಿನಿಯರ್ ಇಂದಿಗೂ ಅವನ್ನು ತೆರೆದು ನೋಡುತ್ತಾನೆ.

ಇಂದು ಒಬ್ಬ ತರುಣ ಪ್ರಾಧ್ಯಾಪಕ ‘ನಾನು ಐದು ವರ್ಷ ಇಂಗಾಲದ ಡೈಆಕ್ಸೈಡ್ ಮತ್ತು ಅಸಿಟೋನಿನ ಬೆರಕೆಯ ಶಾಖವನ್ನು ಅಳೆಯುತ್ತೇನೆ’ ಎಂದು ಅನುದಾನಕ್ಕೆ ಅರ್ಜಿ ಹಾಕಿದರೆ ತಜ್ಞರ ಸಮಿತಿ ಏನನ್ನುತ್ತದೆ? ‘ಇದರಲ್ಲಿ ಹೊಸತೇನು?’ ಎನ್ನುತ್ತದೆ. ಅಳತೆಯ ಕೆಲಸಕ್ಕೆ ‘ವಾಡಿಕೆಯದು’ ಎಂಬ ಹಣೆಪಟ್ಟಿ ಅಂಟಿಸಲಾಗಿದೆ. ಬಡ್ತಿಗೆ ಬೇಕಾದದ್ದು ಪ್ರಭಾವದ ಅಂಕ ಹೆಚ್ಚಿರುವ ನಿಯತಕಾಲಿಕಗಳು. ಅವು ಕೋಷ್ಟಕಗಳನ್ನು ಬಯಸುವುದಿಲ್ಲ. ಪರಿಣಾಮವಾಗಿ ಹೊಸ ವಸ್ತುವೊಂದನ್ನು ತಯಾರಿಸಿದೆ, ಅದು ಇಂಗಾಲವನ್ನು ಹೀರುತ್ತದೆ ಎಂಬ ಪ್ರಬಂಧಗಳು ರಾಶಿ ಬೀಳುತ್ತಿವೆ. ಬಿಡಿಸಲು ಎಷ್ಟು ಶಾಖ ಬೇಕು ಎಂಬ ಸಾಲು ಅವುಗಳಲ್ಲಿ ಎಷ್ಟೋ ಬಾರಿ ಇರುವುದೇ ಇಲ್ಲ. ಹೀರುವುದನ್ನು ಹೇಳಿ ಹಿಂಡುವುದನ್ನು ಹೇಳದಿದ್ದರೆ ಲೆಕ್ಕ ಅರ್ಧವೇ. ನಿವೃತ್ತರಾದ ಅಳತೆಗಾರರೊಂದಿಗೆ ಕೈಗುಣವೂ ಹೋಗುತ್ತದೆ, ಅದನ್ನು ಪಠ್ಯಪುಸ್ತಕದಿಂದ ಕಲಿಯಲಾಗದು.

ಕೇಳುತ್ತಿರುವುದು ಬಹಳವೇನಲ್ಲ. ಇಂಗಾಲ ಹಿಡಿಯುವ ಯೋಜನೆಗಳಿಗೆ ಮೀಸಲಿಡುವ ಹಣದ ಒಂದು ಸಣ್ಣ ಪಾಲು, ನೂರಕ್ಕೆ ಒಂದೋ ಎರಡೋ ರೂಪಾಯಿ, ಅಳತೆಗೇ ಎಂದು ಕಟ್ಟಿಡಬೇಕು. ಜಕ್ಕೂರಿನ ಕೇಂದ್ರವಿರಲಿ, ಭಾರತೀಯ ವಿಜ್ಞಾನ ಸಂಸ್ಥೆಯಿರಲಿ, ಎಲ್ಲಾದರೂ ಒಂದೆಡೆ ಅಧಿಕ ಒತ್ತಡದ ಹರಿವಿನ ಉಷ್ಣಮಾಪಕಗಳ ಒಂದು ಘಟಕ ಇರಬೇಕು. ಧಾರವಾಡ, ಮೈಸೂರು, ಕಲಬುರಗಿ, ಮಂಗಳೂರಿನ ವಿಶ್ವವಿದ್ಯಾಲಯಗಳ ಸಂಶೋಧಕರು ತಮ್ಮ ದ್ರಾವಕದ ಬಾಟಲಿಯೊಂದಿಗೆ ಬಂದು ಅಳೆದುಕೊಂಡು ಹೋಗುವಂತಿರಬೇಕು. ಸರ್ಕಾರಿ ಹಣದಿಂದ ನಡೆಯುವ ಯಾವುದೇ ಪ್ರಾಯೋಗಿಕ ಘಟಕ ತನ್ನ ದ್ರಾವಕದ ಶಾಖದ ಕೋಷ್ಟಕವನ್ನು ನಿಗದಿತ ಅವಧಿಯ ಬಳಿಕ ಪ್ರಕಟಿಸಬೇಕೆಂಬ ಷರತ್ತು ಹಾಕುವುದಕ್ಕೆ ಹೊಸ ಕಾನೂನು ಬೇಕಿಲ್ಲ; ಅನುದಾನದ ಪತ್ರದಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಪಿಎಚ್.ಡಿ. ಮೌಲ್ಯಮಾಪನದಲ್ಲಿ, ಬಡ್ತಿಯಲ್ಲಿ ಪರಿಶೀಲಿತ ದತ್ತಾಂಶಕ್ಕೆ ಪ್ರಬಂಧದಷ್ಟೇ ತೂಕ ಕೊಡುವುದು ವಿಶ್ವವಿದ್ಯಾಲಯಗಳ ಕೈಯಲ್ಲೇ ಇದೆ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿದ್ದರೆ, ನನ್ನ ಪಟ್ಟಿ ಚಿಕ್ಕದು. ಮೆಥನಾಲ್, ಎಥನಾಲ್, ಅಸಿಟೋನ್, ಈಥೈಲ್ ಅಸಿಟೇಟ್, ಡೈಮೀಥೈಲ್ ಸಲ್ಫಾಕ್ಸೈಡ್. ಉಷ್ಣಾಂಶ 30ರಿಂದ 45 ಡಿಗ್ರಿ, ಐದೈದು ಡಿಗ್ರಿಗಳ ಅಂತರದಲ್ಲಿ. ಒತ್ತಡ 60ರಿಂದ 150 ಬಾರ್, ಸಂದಿಗ್ಧ ಬಿಂದುವಿನ ಹತ್ತಿರ ಹೆಜ್ಜೆಗಳು ಇನ್ನಷ್ಟು ಕಿರಿದಾಗಿ. ಇವುಗಳಲ್ಲಿ ಕೆಲವನ್ನು ಬೇರೆ ದೇಶಗಳವರು ಕೆಲವು ಬಿಂದುಗಳಲ್ಲಿ ಅಳೆದಿದ್ದಾರೆ, ಹೊಸ ಯಂತ್ರವನ್ನು ಅವುಗಳೊಡನೆ ಹೋಲಿಸಿ ಸರಿನೋಡಿಕೊಳ್ಳಬಹುದು. ಆಮೇಲೆ ಎಥನಾಲ್‌ಗೆ ಶೇ 5ರಷ್ಟು ನೀರು ಬೆರೆಸಿ ಮತ್ತೊಮ್ಮೆ ಅಳೆಯಬೇಕು. ನಮ್ಮ ಸಕ್ಕರೆ ಕಾರ್ಖಾನೆಗಳ ಬಟ್ಟಿಯಿಳಿಸುವ ಘಟಕಗಳಿಂದ ಬರುವ ಸ್ಪಿರಿಟ್ಟಿನಲ್ಲಿ ಹೆಚ್ಚುಕಡಿಮೆ ಅಷ್ಟು ನೀರಿರುತ್ತದೆ, ಮೆಣಸಿನ ಸಾರ ತೆಗೆಯುವವರ ಕೈಗೆ ಅಗ್ಗದಲ್ಲಿ ಸಿಗುವುದೂ ಅದೇ.